ಹೆಜ್ಜೇನು ಎದ್ದರೆ ಓಡುವುದು ಎಲ್ಲಿಗೆ?

ದೇವರ ಹೆಸರಲ್ಲಿ ಜನರಿಗೆ ಉಣಬಡಿಸುವ ಪರಕ್ಕೋ ಹರಿಸೇವೆಗೋ ಒಲೆ ಹೂಡಲು ನೆರಳು ಹುಡುಕುವಾಗ ಮಂಡ್ಯ ಕಡೆಯ ನಾವು ಮೊದಲು ನೋಡುವುದು ಮರದ ಬುಡವನ್ನು. ನೋಡಬೇಕಾದದ್ದು ಮೇಲಿನ ಕೊಂಬೆಯನ್ನು. ತುಡುವೆ ಜೇನಿನಂತೆ ಹೆಜ್ಜೇನು ಪೊಟರೆಯೊಳಗೆ ಅಡಗುವುದಿಲ್ಲ. ಅರಳಿ, ಆಲದ ಎತ್ತರದ ಕೊಂಬೆಗೆ, ನೀರಿನ ಟ್ಯಾಂಕಿನ ತಳಕ್ಕೆ, ಬೆಟ್ಟದ ಬಂಡೆಗೆ ಬಯಲಲ್ಲೇ ಒಂದು ದೊಡ್ಡ ಹುಟ್ಟು ಕಟ್ಟುತ್ತದೆ. ಗೂಡಿಗೆ ಗೋಡೆಯಿಲ್ಲದ್ದರಿಂದ ಕಾವಲೂ ಜಾಸ್ತಿ, ಕೋಪವೂ ಜಾಸ್ತಿ. ಒಲೆಯ ಹೊಗೆ, ಮೆರವಣಿಗೆಯ ಪಟಾಕಿ, ಹುಡುಗರ ಕಲ್ಲು, ಹುಟ್ಟಿಗೆ ಎರಗುವ ಹದ್ದು, ಯಾವುದಾದರೂ ಸಾಕು. ಹುಟ್ಟು ಕಂಡರೆ ಒಲೆಯನ್ನು ದೂರ ಒಯ್ಯಿರಿ. ಪೂಜೆ ಕೆಡುವುದಿಲ್ಲ.

ಎದ್ದೇಬಿಟ್ಟವು ಎನ್ನಿ. ಮೊದಲ ಕೆಲಸ, ಓಡುವುದು. ಕೈ ಬೀಸಬೇಡಿ, ಟವೆಲ್ಲಿನಿಂದ ಹೊಡೆಯಬೇಡಿ. ಒಂದು ಹುಳು ಚುಚ್ಚಿದಾಗ ಅದರ ಕೊಂಡಿ ನಿಮ್ಮ ಚರ್ಮದಲ್ಲೇ ಉಳಿಯುತ್ತದೆ. ಅದರಿಂದ ಹೊಮ್ಮುವ, ಬಾಳೆಹಣ್ಣನ್ನು ಹೋಲುವ ವಾಸನೆ ಉಳಿದ ಹುಳುಗಳಿಗೆ ನಿಮ್ಮ ಗುರುತು ಹೇಳಿಕೊಡುತ್ತದೆ. ನಿಂತಷ್ಟೂ ಚುಚ್ಚುವ ಹುಳುಗಳು ಹೆಚ್ಚುತ್ತವೆ. ಅಂಗಿಯನ್ನೋ ಸೆರಗನ್ನೋ ತಲೆಯ ಮೇಲೆ ಎಳೆದುಕೊಂಡು, ದಾರಿ ಕಾಣುವಷ್ಟು ಬಿಟ್ಟು ಮುಖ ಮುಚ್ಚಿಕೊಳ್ಳಿ. ಮಗುವಿದ್ದರೆ ಎದೆಗೆ ಅವಚಿಕೊಳ್ಳಿ. ಬಾಗಿಲು ಹಾಕಬಹುದಾದ ಮನೆ, ಗಾಜು ಏರಿಸಬಹುದಾದ ಕಾರು ಸಿಗುವವರೆಗೆ ನಿಲ್ಲಬೇಡಿ. ಹೆಜ್ಜೇನು ನೂರಾರು ಮೀಟರ್ ಬೆನ್ನಟ್ಟುತ್ತದೆ. ಒಳಗೆ ನಾಲ್ಕು ಹುಳು ನುಗ್ಗಿದರೂ ಹೊರಗೆ ಓಡಬಾರದು.

ನಮ್ಮ ಸೀಮೆಗೆಂದೇ ಒಂದು ಎಚ್ಚರಿಕೆ: ನಾಲೆಗೆ ಹಾರಬೇಡಿ. ಹುಳುಗಳು ನೀರಿನ ಮೇಲೆಯೇ ಸುತ್ತುತ್ತಿರುತ್ತವೆ, ಉಸಿರಿಗಾಗಿ ತಲೆ ಎತ್ತಿದಾಗ ಮುಖಕ್ಕೇ ಎರಗುತ್ತವೆ. ತುಂಬಿ ಹರಿಯುವ ವಿಶ್ವೇಶ್ವರಯ್ಯ ನಾಲೆಯಲ್ಲಿ ಜೇನಿಗಿಂತ ಮೊದಲು ನೀರೇ ಜೀವ ತೆಗೆದೀತು.

ಒಳಗೆ ಸೇರಿದ ಕೂಡಲೇ ಕೊಂಡಿಗಳನ್ನು ತೆಗೆಯಿರಿ. ಉಗುರಿನಿಂದ ಕೆರೆದರೂ ಸರಿ, ಕಿತ್ತರೂ ಸರಿ, ಬೇಗ ಆಗಬೇಕು. ಹುಳು ಹಾರಿಹೋದ ಮೇಲೂ ಕೊಂಡಿಗೆ ಅಂಟಿದ ಚೀಲ ವಿಷ ಒತ್ತುತ್ತಲೇ ಇರುತ್ತದೆ. ಇಕ್ಕಳ ಹುಡುಕುತ್ತ ಕೂರುವುದು ದಂಡ. ಆಮೇಲೆ ಸೋಪು ಹಾಕಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಬೆರಳು ಊದುವ ಮೊದಲೇ ಉಂಗುರ ತೆಗೆದುಬಿಡಿ. ಸುಣ್ಣ ಹಚ್ಚುವ ಅಜ್ಜಿಯರ ಮೇಲೆ ನನಗೆ ಗೌರವವಿದೆ. ಆದರೆ ಒಳಗಿಳಿದ ವಿಷವನ್ನು ಸುಣ್ಣ ಎಳೆಯುವುದಿಲ್ಲ, ಚರ್ಮ ಸುಡುತ್ತದೆ ಅಷ್ಟೆ.

ಆಸ್ಪತ್ರೆಗೆ ಯಾವಾಗ? ಜೇನಿನ ವಿಷ ಒಗ್ಗದವರಿಗೆ ಒಂದೇ ಹುಳು ಸಾಕು. ಮೈತುಂಬ ದದ್ದು, ತುಟಿ ನಾಲಿಗೆಯ ಊತ, ಉಸಿರಾಟದ ತೊಂದರೆ, ತಲೆಸುತ್ತು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಅಲ್ಲಿ ಬೇಕಾಗುವುದು ಅಡ್ರಿನಲಿನ್ ಚುಚ್ಚುಮದ್ದು, ಮನೆಮದ್ದಿಗೆ ಸಮಯವಿಲ್ಲ. ತಲೆ ಸುತ್ತುತ್ತಿರುವವರನ್ನು ನಡೆಸಬೇಡಿ, ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಟ್ಟುತ್ತಿದ್ದರೆ ಮಾತ್ರ ಒರಗಿಸಿ ಕೂರಿಸಿ.

ಹತ್ತಾರು ಹುಳು ಚುಚ್ಚಿದ್ದರೆ, ಚೆನ್ನಾಗಿಯೇ ಇದ್ದೇನೆ ಎಂದು ಮನೆಯಲ್ಲಿ ಉಳಿಯಬೇಡಿ. ಹಾವಿನ ವಿಷಕ್ಕಿರುವಂತೆ ಇದಕ್ಕೆ ಪ್ರತಿವಿಷದ ಮದ್ದಿಲ್ಲ. ಸ್ನಾಯು ಕರಗಿಸುವ ಈ ವಿಷ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದು ಒಂದೆರಡು ದಿನ ಬಿಟ್ಟೂ ಆಗಬಹುದು. ಮೂತ್ರ ಕಡಿಮೆಯಾದರೆ ಅಥವಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಬಿಟ್ಟು ಬಂದ ಆಸ್ಪತ್ರೆಗೆ ಅಂದೇ ಮರಳಿ ಹೋಗಿ.