ಖಾಸಗಿ ಹೈಸ್ಕೂಲ್ ಪ್ರವೇಶ ಪರೀಕ್ಷೆ: ತಪ್ಪು ಉತ್ತರಗಳಿಂದಲೇ ತಯಾರಿ

ನೀವು ಅಮೆರಿಕದಲ್ಲಿದ್ದೀರಿ, ಮಗು ಏಳನೆಯದೋ ಎಂಟನೆಯದೋ ತರಗತಿಯಲ್ಲಿದೆ. ಒಂಬತ್ತನೇ ತರಗತಿಗೆ ಖಾಸಗಿ ಹೈಸ್ಕೂಲ್ ಸೇರಿಸೋಣ ಎಂಬ ಯೋಚನೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ದಪ್ಪ ದಪ್ಪ ಅಭ್ಯಾಸ ಪುಸ್ತಕ ತರುವುದು. ಅವಸರ ಬೇಡ. ಯಾವ ಪರೀಕ್ಷೆ ಬರೆಯಬೇಕು ಅನ್ನುವುದೇ ಇನ್ನೂ ಗೊತ್ತಿಲ್ಲವಲ್ಲ.

ಮೊದಲು ಶಾಲೆ, ಆಮೇಲೆ ಪರೀಕ್ಷೆ

ಎಲ್ಲ ಶಾಲೆಗೂ ಒಂದೇ ಪರೀಕ್ಷೆ ಇಲ್ಲ. ಸ್ವತಂತ್ರ ಶಾಲೆಗಳು, ಬೋರ್ಡಿಂಗ್ ಶಾಲೆಗಳು ಸಾಮಾನ್ಯವಾಗಿ ಎಸ್‌ಎಸ್‌ಎಟಿ (ಸೆಕೆಂಡರಿ ಸ್ಕೂಲ್ ಅಡ್ಮಿಷನ್ ಟೆಸ್ಟ್) ಅಥವಾ ಐಎಸ್‌ಇಇ (ಇಂಡಿಪೆಂಡೆಂಟ್ ಸ್ಕೂಲ್ ಎಂಟ್ರನ್ಸ್ ಎಕ್ಸಾಮ್) ಕೇಳುತ್ತವೆ. ಕ್ಯಾಥೊಲಿಕ್ ಹೈಸ್ಕೂಲ್‌ಗಳಲ್ಲಿ ಎಚ್‌ಎಸ್‌ಪಿಟಿ (ಹೈಸ್ಕೂಲ್ ಪ್ಲೇಸ್‌ಮೆಂಟ್ ಟೆಸ್ಟ್) ಜಾಸ್ತಿ. ಕೆಲವು ಶಾಲೆಗಳು ಎಸ್‌ಎಸ್‌ಎಟಿ, ಐಎಸ್‌ಇಇ ಎರಡರಲ್ಲಿ ಯಾವುದಾದರೂ ಸರಿ ಅನ್ನುತ್ತವೆ, ಇನ್ನು ಕೆಲವು ಅಂಕ ಕೊಡುವುದು ನಿಮ್ಮಿಷ್ಟ ಅಂತ ಬಿಟ್ಟಿವೆ. ಆದ್ದರಿಂದ ಶಾಲೆಗಳ ಪಟ್ಟಿ ಮಾಡಿ, ಪ್ರತಿ ಶಾಲೆಯ ಪ್ರವೇಶ ವಿಭಾಗಕ್ಕೆ ನೀವೇ ಫೋನ್ ಮಾಡಿ ಕೇಳಿ. ಪಕ್ಕದ ಮನೆಯವರ ಮಾತು ಹೋದ ವರ್ಷದ್ದಾಗಿರಬಹುದು.

ಎಷ್ಟು ಸಲ ಬರೆಯಬಹುದು ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ. ಐಎಸ್‌ಇಇ ವರ್ಷವನ್ನು ಮೂರು ಋತುಗಳಾಗಿ ಹಂಚಿದೆ: ಆಗಸ್ಟ್‌ನಿಂದ ನವೆಂಬರ್, ಡಿಸೆಂಬರ್‌ನಿಂದ ಮಾರ್ಚ್, ಏಪ್ರಿಲ್‌ನಿಂದ ಜುಲೈ. ಒಂದು ಋತುವಿನಲ್ಲಿ ಒಂದೇ ಸಲ ಬರೆಯಬಹುದು. ನವೆಂಬರ್‌ನಲ್ಲಿ ಒಮ್ಮೆ ಬರೆದರೆ ಡಿಸೆಂಬರ್‌ನಲ್ಲಿ ಇನ್ನೊಂದು ಅವಕಾಶ ಇದ್ದೇ ಇರುತ್ತದೆ. ಬಹಳಷ್ಟು ಶಾಲೆಗಳ ಅರ್ಜಿಯ ಗಡುವು ಡಿಸೆಂಬರ್, ಜನವರಿಯ ಹೊತ್ತಿಗೇ ಬರುವುದರಿಂದ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಎಚ್‌ಎಸ್‌ಪಿಟಿಯನ್ನು ಹಲವು ಕಡೆ ಒಂದೇ ಸಲ ಬರೆಯಬೇಕು. ಅಲ್ಲಿ "ಸುಮ್ನೆ ಒಂದ್ಸಲ ಬರೆದು ನೋಡೋಣ" ನಡೆಯುವುದಿಲ್ಲ.

ಮಗುವಿಗೆ ಹೆಚ್ಚುವರಿ ಸಮಯದಂಥ ಅನುಕೂಲ ಬೇಕಿದ್ದರೆ ಅದಕ್ಕೆ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಕೊನೆಯ ವಾರಕ್ಕೆ ಬಿಡಬೇಡಿ.

ಓದುವ ಮೊದಲೇ ಒಂದು ಪರೀಕ್ಷೆ

ಏನೂ ತಯಾರಿ ಇಲ್ಲದೆ, ಗಡಿಯಾರ ಇಟ್ಟುಕೊಂಡು, ಒಂದು ಪೂರ್ತಿ ಮಾದರಿ ಪರೀಕ್ಷೆ ಬರೆಸಿ. ಪರೀಕ್ಷೆ ನಡೆಸುವ ಸಂಸ್ಥೆಯದೇ ಪ್ರಶ್ನೆಪತ್ರಿಕೆ ಸಿಕ್ಕರೆ ಅದೇ ಒಳ್ಳೆಯದು. ಕ್ಯಾಲ್ಕುಲೇಟರ್ ಎತ್ತಿಡಿ, ಈ ಮೂರೂ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶವಿಲ್ಲ.

ಸಮಯದ ಬಿಸಿ ಆಗಲೇ ಗೊತ್ತಾಗುತ್ತದೆ. ಐಎಸ್‌ಇಇ ಅಪ್ಪರ್ ಲೆವೆಲ್‌ನಲ್ಲಿ (ಒಂಬತ್ತನೇ ತರಗತಿಗೂ ಅದಕ್ಕಿಂತ ಮೇಲಿನ ತರಗತಿಗಳಿಗೂ ಸೇರುವವರು ಬರೆಯುವ ಪತ್ರಿಕೆ) ಪದಗಳ ವಿಭಾಗಕ್ಕೆ 20 ನಿಮಿಷ, ಪ್ರಶ್ನೆ 40. ಗಣಿತದ ಒಂದು ವಿಭಾಗದಲ್ಲಿ 40 ನಿಮಿಷಕ್ಕೆ 47 ಪ್ರಶ್ನೆ. ಎಚ್‌ಎಸ್‌ಪಿಟಿಯಂತೂ ಓಟದ ಸ್ಪರ್ಧೆ: ಮೊದಲ ವಿಭಾಗದಲ್ಲಿ 16 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಒಂದಕ್ಕೆ 16 ಸೆಕೆಂಡ್. ಶಾಲೆಯಲ್ಲಿ ನಿಧಾನವಾಗಿ, ನೀಟಾಗಿ ಬರೆದು ಒಳ್ಳೆಯ ಅಂಕ ತೆಗೆಯುವ ಮಕ್ಕಳು ಇಲ್ಲಿ ಮುಗ್ಗರಿಸುವುದಕ್ಕೆ ಬಹುತೇಕ ಇದೇ ಕಾರಣ. ವಿಷಯ ಗೊತ್ತಿರುತ್ತದೆ, ಹೊತ್ತು ಸಾಲುವುದಿಲ್ಲ.

ತಪ್ಪುಗಳ ಪುಸ್ತಕ

ನನ್ನನ್ನು ಕೇಳಿದರೆ ಇಡೀ ತಯಾರಿಯ ಜೀವ ಇಲ್ಲಿದೆ. ವಾರಕ್ಕೆ ನಾಲ್ಕು ಪತ್ರಿಕೆ ಬರೆಸಿ, ಅಂಕ ನೋಡಿ ನಿಟ್ಟುಸಿರು ಬಿಡುವುದಕ್ಕಿಂತ ಒಂದೇ ಪತ್ರಿಕೆ ಬರೆಸಿ ಅದರ ತಪ್ಪುಗಳ ಜೊತೆ ಎರಡು ಸಂಜೆ ಕೂರುವುದು ಮೇಲು.

ಒಂದು ನೋಟ್‌ಬುಕ್ ಇಡಿ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಮಗು ತನ್ನದೇ ಮಾತಲ್ಲಿ ಕಾರಣ ಬರೆಯಲಿ. ವಿಷಯವೇ ಗೊತ್ತಿರಲಿಲ್ಲವಾ? ಪ್ರಶ್ನೆ ಸರಿಯಾಗಿ ಓದಲಿಲ್ಲವಾ? ಸಮಯ ಮುಗಿಯಿತಾ? "ಕೇರ್‌ಲೆಸ್ ಮಿಸ್ಟೇಕ್" ಎಂದು ಬರೆದರೆ ಒಪ್ಪಬೇಡಿ, ಆ ಮಾತಿನಿಂದ ಏನೂ ತಿಳಿಯುವುದಿಲ್ಲ. ಅಂದಾಜಿನಲ್ಲಿ ಹಾಕಿ ಸರಿಯಾದ ಉತ್ತರಗಳೂ ಈ ಪುಸ್ತಕಕ್ಕೆ ಬರಬೇಕು. ಅದಕ್ಕೇ ಪರೀಕ್ಷೆ ಬರೆಯುವಾಗ ಅನುಮಾನ ಇದ್ದಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಲು ಹೇಳಿ.

ಒಂದು ಉದಾಹರಣೆ. ಒಂದು ವಸ್ತುವಿನ ಬೆಲೆ ಶೇ 20 ಏರಿತು, ಆಮೇಲೆ ಶೇ 20 ಇಳಿಯಿತು. ಈಗ ಬೆಲೆ ಎಷ್ಟು? ಮಗು "ಮೊದಲಿನಷ್ಟೇ" ಅಂದಿತು ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ 100 ಇದ್ದದ್ದು 120 ಆಯಿತು, ಅದರ ಶೇ 20 ಅಂದರೆ 24, ಉಳಿದದ್ದು 96. ಇದು ಕೂಡಿಸು ಕಳೆಯುವಲ್ಲಿ ಆದ ತಪ್ಪಲ್ಲ. ಶೇಕಡಾ ಯಾವುದರ ಮೇಲೆ ಅನ್ನುವುದೇ ಮನಸ್ಸಿಗೆ ಹತ್ತಿಲ್ಲ. ಇದೇ ಥರದ ಹತ್ತು ಲೆಕ್ಕ ಮಾಡಿಸಿ, ವಾರ ಬಿಟ್ಟು ಹಳೆಯ ಪ್ರಶ್ನೆಯನ್ನೇ ಮತ್ತೆ ಕೊಡಿ. ಅದೇ ಪ್ರಶ್ನೆಯನ್ನು ಓದುವ ಅವಸರದಲ್ಲಿ ತಪ್ಪು ಮಾಡಿದ್ದರೆ ಔಷಧ ಬೇರೆ: ಏನು ಕೇಳಿದ್ದಾರೋ ಅದರ ಕೆಳಗೆ ಗೆರೆ ಎಳೆಯುವ ಅಭ್ಯಾಸ.

ಕೆಲವು ವಾರ ಕಳೆದ ಮೇಲೆ ಪುಸ್ತಕ ತಿರುವಿ. ತಪ್ಪುಗಳೆಲ್ಲ ಮೂರ್ನಾಲ್ಕು ಜಾಗದಲ್ಲೇ ಗುಂಪು ಕಟ್ಟಿರುತ್ತವೆ. ಮುಂದಿನ ವಾರದ ಟೈಮ್‌ಟೇಬಲ್ ಅದೇ.

ಪದಗಳು, ಪ್ರಬಂಧ

ಪದಗಳನ್ನು ಕೊನೆಯ ತಿಂಗಳಲ್ಲಿ ಉರು ಹೊಡೆದರೆ ನಿಲ್ಲುವುದಿಲ್ಲ. ದಿನಕ್ಕೆ ಐದಾರು ಸಾಕು, ಆದರೆ ಪ್ರತಿಯೊಂದಕ್ಕೂ ಮಗುವೇ ಒಂದು ವಾಕ್ಯ ಮಾಡಬೇಕು. ಸುದ್ದಿ, ವಿಜ್ಞಾನ, ಹಳೆಯ ಕಥೆ ಹೀಗೆ ಬೇರೆ ಬೇರೆ ಬಗೆಯ ಬರಹ ಓದಿಸಿ.

ಎಸ್‌ಎಸ್‌ಎಟಿ, ಐಎಸ್‌ಇಇಗಳಲ್ಲಿ ಬರೆಸುವ ಪ್ರಬಂಧಕ್ಕೆ ಅಂಕ ಇರುವುದಿಲ್ಲ. ಹಾಗಂತ ಬಿಟ್ಟುಬಿಡಬೇಡಿ, ಅದರ ಪ್ರತಿ ನೇರ ಶಾಲೆಗೆ ಹೋಗುತ್ತದೆ. ಅರ್ಜಿಯ ಜೊತೆ ಕೊಟ್ಟ ಪ್ರಬಂಧ ಅಪ್ಪ ಅಮ್ಮ ತಿದ್ದಿದ್ದೋ ಅಲ್ಲವೋ ಎಂದು ಶಾಲೆಯವರಿಗೆ ಹೋಲಿಸಿ ನೋಡಲು ಇದೇ ಸಾಕು, ಅಲ್ವಾ?

ಗೊತ್ತಿಲ್ಲದ ಪ್ರಶ್ನೆಗೆ ಏನು ಮಾಡುವುದು?

ಐಎಸ್‌ಇಇ, ಎಚ್‌ಎಸ್‌ಪಿಟಿಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದೂ ಖಾಲಿ ಬಿಡಬಾರದು. ಎಸ್‌ಎಸ್‌ಎಟಿಯ ಮೇಲಿನ ಹಂತಗಳಲ್ಲಿ ಬಹುಕಾಲದಿಂದ ತಪ್ಪಿಗೆ ಕಾಲು ಅಂಕ ಕಳೆಯುತ್ತಾ ಬಂದಿದ್ದಾರೆ. ನಿಮ್ಮ ಮಗು ಬರೆಯುವ ವರ್ಷದ ನಿಯಮ ಏನೆಂದು ಸಂಸ್ಥೆಯ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ಕಾಲು ಅಂಕ ಕಳೆಯುವುದಿದ್ದರೂ ಹೆದರಬೇಕಿಲ್ಲ. ಐದು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಹಾಕಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಿದರೂ ಲೆಕ್ಕ ನಿಮ್ಮ ಕಡೆಗೆ ವಾಲುತ್ತದೆ. ಆಗ ಉತ್ತರ ಹಾಕಬಹುದು.

ಅಂಕಪಟ್ಟಿ ಬಂದಾಗ

ಶಾಲೆಯ ಪರೀಕ್ಷೆಗಳಲ್ಲಿ 95ನೇ ಪರ್ಸೆಂಟೈಲ್ (ಅಂದರೆ ನೂರರಲ್ಲಿ ಸುಮಾರು 95 ಮಕ್ಕಳಿಗಿಂತ ಮುಂದೆ) ನೋಡಿ ಅಭ್ಯಾಸವಾದವರು ಇಲ್ಲಿ 60 ಕಂಡು ಬೆಚ್ಚಿಬೀಳುತ್ತಾರೆ. ಎಸ್‌ಎಸ್‌ಎಟಿ, ಐಎಸ್‌ಇಇಗಳು ನಿಮ್ಮ ಮಗುವನ್ನು ದೇಶದ ಎಲ್ಲ ಮಕ್ಕಳ ಜೊತೆ ಹೋಲಿಸುವುದಿಲ್ಲ. ಇದೇ ಪರೀಕ್ಷೆ ಬರೆದ, ಅದೇ ತರಗತಿಯ ಮಕ್ಕಳ ಜೊತೆ ಹೋಲಿಸುತ್ತವೆ. ಅವರಲ್ಲಿ ಹೆಚ್ಚಿನವರು ಓದಿನಲ್ಲಿ ಮುಂದಿರುವವರೇ. ಅಪ್ಪರ್ ಲೆವೆಲ್ ಪತ್ರಿಕೆಯನ್ನು ದೊಡ್ಡ ತರಗತಿಯವರೂ ಬರೆಯುವುದರಿಂದ ಎಂಟನೇ ತರಗತಿಯಲ್ಲಿ ಇನ್ನೂ ಕಲಿಸದ ಬೀಜಗಣಿತ, ರೇಖಾಗಣಿತ ಅಲ್ಲಲ್ಲಿ ಇಣುಕುತ್ತದೆ. ಎಲ್ಲವೂ ಬರಲೇಬೇಕೆಂದು ಯಾರೂ ಕಾಯುತ್ತಿಲ್ಲ.

ಮತ್ತೆ ಬರೆಸಬೇಕೇ ಅನ್ನುವುದನ್ನು ತಪ್ಪುಗಳ ಪುಸ್ತಕ ನೋಡಿಯೇ ತೀರ್ಮಾನಿಸಿ. ಮನೆಯಲ್ಲಿ ಬರೆದ ಮಾದರಿ ಪರೀಕ್ಷೆಗಳಿಗಿಂತ ನಿಜ ಪರೀಕ್ಷೆಯ ಅಂಕ ತೀರಾ ಕಡಿಮೆ ಬಂದಿದ್ದರೆ, ಅಂದು ಜ್ವರವೋ ಗಾಬರಿಯೋ ಇದ್ದಿದ್ದರೆ, ಇನ್ನೊಮ್ಮೆ ಬರೆಸಬಹುದು. ಎರಡೂ ಹೆಚ್ಚು ಕಡಿಮೆ ಒಂದೇ ಇದ್ದರೆ, ನಡುವೆ ಕೆಲವು ವಾರ ಓದಲು ಬಿಡುವಿಲ್ಲದಿದ್ದರೆ, ಆ ಹೊತ್ತನ್ನು ಸಂದರ್ಶನದ ತಯಾರಿಗೆ, ಶಿಕ್ಷಕರಿಂದ ಶಿಫಾರಸು ಪತ್ರ ಕೇಳಿ ತರಿಸಿಕೊಳ್ಳುವುದಕ್ಕೆ ಕೊಡಿ.