ಮಾಸ್ಕ್ವಾ-5 ಮಡಚುವ ಫಿಲ್ಮ್ ಕ್ಯಾಮೆರಾ ಕೊಳ್ಳುವ ಮುನ್ನ ಫೋಕಸ್ ಪರೀಕ್ಷಿಸುವುದು ಹೇಗೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಕ್ಯಾಮೆರಾ ಕಂಪನಿ ಝೈಸ್‌ನ ಕಾರ್ಖಾನೆಗಳ ಯಂತ್ರಗಳು ಯುದ್ಧ ಪರಿಹಾರವಾಗಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಮಾಸ್ಕೋ ಪಕ್ಕದ ಕ್ರಾಸ್ನೋಗೋರ್ಸ್ಕ್ ಕಾರ್ಖಾನೆಯಲ್ಲಿ 1946ರಲ್ಲಿ ಝೈಸ್‌ನ ಮಡಚುವ ಕ್ಯಾಮೆರಾ ಇಕಾಂಟಾದ ಪಡಿಯಚ್ಚಿನಂಥ ಮಾಸ್ಕ್ವಾ-1 ತಯಾರಾಯಿತು. ಮರುವರ್ಷದ ಮಾಸ್ಕ್ವಾ-2ರಲ್ಲಿ ಸೂಪರ್ ಇಕಾಂಟಾದ ರೇಂಜ್‌ಫೈಂಡರೂ (ಎರಡು ಬಿಂಬ ಕೂಡಿಸಿ ದೂರ ಅಳೆಯುವ ಸಾಧನ) ಸೇರಿಕೊಂಡಿತು. ಈ ಸಾಲಿನ ಕೊನೆಯದು ಮಾಸ್ಕ್ವಾ-5. 1956ರಿಂದ 1960ರವರೆಗೆ ಬಂತು. ಸೀರಿಯಲ್ ನಂಬರಿನ ಮೊದಲೆರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ.

ಲೆನ್ಸ್ 105 ಮಿ.ಮೀ. ಎಫ್/3.5 ಇಂಡಸ್ಟಾರ್-24. ಫೋಕಸ್ ಮಾಡುವಾಗ ತಿರುಗುವುದು ಅದರ ಮುಂದಿನ ಗಾಜು ಮಾತ್ರ. ಅದರ ಜೊತೆಗೇ ಪಕ್ಕದ ತೋಳಿನಲ್ಲಿರುವ ಎರಡು ಬೆಣೆಯಾಕಾರದ ಗಾಜುಗಳು ಹಲ್ಲುಚಕ್ರದ ಮೂಲಕ ವಿರುದ್ಧ ದಿಕ್ಕಿಗೆ ತಿರುಗಿ, ರೇಂಜ್‌ಫೈಂಡರಿನ ಒಂದು ಬಿಂಬವನ್ನು ಸರಿಸುತ್ತವೆ. ಬಾಡಿಯೊಳಗಿನ ರೇಂಜ್‌ಫೈಂಡರಿಗೂ ಲೆನ್ಸಿಗೂ ನಡುವೆ ಬೇರೆ ಸಲಾಕೆಯ ಜೋಡಣೆಯೇ ಇಲ್ಲ. ಜಾಣ ವಿನ್ಯಾಸವೇ ಸರಿ. ಆದರೆ ಎರಡು ಬಿಂಬ ಕೂಡಿದ ಮಾತ್ರಕ್ಕೆ ಫಿಲ್ಮಿನ ಮೇಲೂ ಫೋಕಸ್ ಸರಿಯಿದೆ ಎನ್ನುವ ಹಾಗಿಲ್ಲ. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಮೊದಲು ಲೆನ್ಸ್. ಹಿಂಬಾಗಿಲು ತೆಗೆದು, ಒಳಗಿನ ಜೋಡಿ ಹಳಿಗಳ ಮೇಲೆ ಮಸುಕು ಗಾಜನ್ನು ಇಡಿ. ಉಜ್ಜಿದ ಮೈ ಲೆನ್ಸಿನ ಕಡೆಗಿರಲಿ. ಹೊರಗಿನ ಹಳಿಗಳ ಮೇಲೆ ಕೂತರೆ ಅಳತೆ ತಪ್ಪುತ್ತದೆ. ಶಟರನ್ನು ಬಿ ಗುರುತಿಗೆ (ಒತ್ತಿದಷ್ಟು ಹೊತ್ತು ತೆರೆದೇ ಇರುತ್ತದೆ), ಅಪರ್ಚರನ್ನು 3.5ಕ್ಕೆ ಇಟ್ಟು, ಕೇಬಲ್ ರಿಲೀಸಿನಿಂದ (ಶಟರ್ ಒತ್ತುವ ತಂತಿ) ತೆರೆದಿಡಿ. ಫೋಕಸ್ ರಿಂಗ್ ಅನಂತದ ಗುರುತಿನಲ್ಲಿರುವಾಗ ಒಂದು ಕಿಲೋಮೀಟರಿಗೂ ಆಚೆಯ ಟವರಿನ ಬಿಂಬವನ್ನು ಮಸುಕು ಗಾಜಿನ ಮೇಲೆ ಭೂತಗನ್ನಡಿಯಲ್ಲಿ ನೋಡಿ; ಅದು ಚೂಪಾಗಿರಬೇಕು. ಈಗ ರೇಂಜ್‌ಫೈಂಡರಿನಲ್ಲಿ ಅದೇ ಟವರು ಒಂದಾಗಿ ಕಾಣಬೇಕು.

ಮಸುಕು ಗಾಜಿನ ಮೇಲೆ ಚೂಪಾಗಿದ್ದು ರೇಂಜ್‌ಫೈಂಡರಿನಲ್ಲಿ ಎರಡಾಗಿ ಕಂಡರೆ, ಬೆಣೆಗಾಜಿನ ಹಲ್ಲು ಜಾರಿರಬಹುದು. ಇದು ತಿಳಿದವರ ಕೈಗೆ ಸಣ್ಣ ಕೆಲಸ. ಮಸುಕು ಗಾಜಿನ ಮೇಲೇ ಬಿಂಬ ಮಬ್ಬಾದರೆ, ಗಟ್ಟಿಯಾದ ಗ್ರೀಸ್ ತೆಗೆಯಲು ಯಾರೋ ಲೆನ್ಸಿನ ಮುಂದಿನ ಗಾಜನ್ನು ಬಿಚ್ಚಿ, ಮರಳಿ ಕೂರಿಸುವಾಗ ತಿರುಪಿನ ಬೇರೊಂದು ಸುತ್ತಿಗೆ ಹತ್ತಿಸಿರುವ ಸಾಧ್ಯತೆಯೇ ಹೆಚ್ಚು. ನೀವೇ ಬಿಚ್ಚುವುದಾದರೆ, ತಿರುಪು ಕಳಚುವ ಬಿಂದುವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳದೆ ಮುಟ್ಟಬೇಡಿ.

ಲೆನ್ಸ್ ಹಲಗೆಯನ್ನು ಎರಡು ಬೆರಳಲ್ಲಿ ಮೆಲ್ಲನೆ ಅಲ್ಲಾಡಿಸಿ. ಅದನ್ನು ಹಿಡಿದಿರುವ ತೋಳುಗಳು ಸಡಿಲವಾಗಿದ್ದರೆ ಲೆನ್ಸ್ ಓರೆಯಾಗಿ ಚಿತ್ರದ ಒಂದು ಬದಿ ಮಾತ್ರ ಮಬ್ಬಾಗುತ್ತದೆ. ಅಂಥ ಕ್ಯಾಮೆರಾವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಬೆಲ್ಲೋಸ್ (ಲೆನ್ಸಿಗೂ ಬಾಡಿಗೂ ನಡುವಿನ ಮಡಿಕೆಯ ಚೀಲ) ತೂತಾಗಿದೆಯೇ ನೋಡಲು ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಬಿಟ್ಟು ಮಡಿಕೆಗಳ ಮೂಲೆಗಳನ್ನು ಪರೀಕ್ಷಿಸಿ.

120 ರೋಲ್ ಫಿಲ್ಮಿನಲ್ಲಿ 6×9 ಸೆಂ.ಮೀ. ಅಳತೆಯ 8, ಅಥವಾ ಮಾಸ್ಕ್ (ಚೌಕಟ್ಟನ್ನು ಕಿರಿದು ಮಾಡುವ ತಗಡು) ಹಾಕಿದರೆ 6×6ರ 12 ಚಿತ್ರ ಸಿಗುತ್ತವೆ. ಮಾಸ್ಕನ್ನು ಫಿಲ್ಮ್ ಹಾಕುವ ಮೊದಲೇ ಕೂರಿಸಬೇಕು. ಮಾಸ್ಕ್ ಇಲ್ಲದೆ ಹಿಂಬಾಗಿಲಿನ 6×6ರ ಕೆಂಪು ಕಿಂಡಿಯಲ್ಲಿ ಕಾಣುವ ಫಿಲ್ಮಿನ ಅಂಕಿ ನೋಡಿ ಸುತ್ತಿದರೆ ಚಿತ್ರಗಳು ಒಂದರ ಮೇಲೊಂದು ಬೀಳುತ್ತವೆ. ಮಡಚಿದ ಕ್ಯಾಮೆರಾವನ್ನು ನಿಧಾನವಾಗಿ ತೆರೆದು, ಆಮೇಲೆ ಫಿಲ್ಮ್ ಸುತ್ತಿ. ಥಟ್ಟನೆ ತೆರೆದರೆ ಬೆಲ್ಲೋಸ್ ಗಾಳಿ ಎಳೆದು ಫಿಲ್ಮ್ ಮುಂದಕ್ಕೆ ಉಬ್ಬುತ್ತದೆ.