ಕರಿಮೆಣಸಿನಲ್ಲಿ ಅಳೆದ ಬಜೆಟ್

ನಾನು ಸೋಮವಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 4,09,549 ಕೋಟಿ ರೂಪಾಯಿಯ ರಾಜ್ಯ ಬಜೆಟ್ ಮಂಡಿಸಿದ ಮರುದಿನ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ‘ಅಷ್ಟು ದುಡ್ಡು ನಮ್ಮ ಶಾಲೆಯೊಳಗೆ ಹಿಡಿಯುತ್ತದಾ ಮಿಸ್?’ ಎಂದು ಕೇಳಿದಳು.

ಮೊದಲು ನೋಟಿನಿಂದಲೇ ಹೊರಟೆ. 500 ರೂಪಾಯಿಯ ನೋಟು 150 ಮಿಲಿಮೀಟರ್ ಉದ್ದ, 66 ಮಿಲಿಮೀಟರ್ ಅಗಲ. ದಪ್ಪವನ್ನು ಸುಮಾರು 0.1 ಮಿಲಿಮೀಟರ್ ಎಂದು ಹಿಡಿದರೆ ಒಂದು ನೋಟಿನ ಗಾತ್ರ ಹೆಚ್ಚುಕಡಿಮೆ ಒಂದು ಘನ ಸೆಂಟಿಮೀಟರ್. ಆ ಲೆಕ್ಕದಲ್ಲಿ ಕೋಟಿ ರೂಪಾಯಿಯ 20,000 ನೋಟುಗಳು 20 ಲೀಟರ್ ನೀರಿನ ಕ್ಯಾನಿನಷ್ಟೇ ಜಾಗ ಹಿಡಿಯುತ್ತವೆ. ‘ಕೋಟಿ ಅಂದರೆ ಇಷ್ಟೇನಾ?’ ಎಂದು ಮಕ್ಕಳ ಮುಖ ಬಾಡಿತು. ಬಜೆಟ್ಟಿನ ಪೂರ್ತಿ ಹಣಕ್ಕೆ ನಮ್ಮ ತರಗತಿಯಂಥ ಎಪ್ಪತ್ತಾರು ಕೋಣೆಗಳು ಬೇಕೆಂದು ಹೇಳಿದರೂ ಆ ನಿರಾಸೆ ಹೋಗಲಿಲ್ಲ. ಪ್ರತಿ ನೋಟಿನೊಳಗೆ ಐನೂರು ರೂಪಾಯಿ ಅಡಗಿ ಕುಳಿತಿರುವುದು ಕಣ್ಣಿಗೆ ಬೀಳುವುದಿಲ್ಲ ಎಂಬುದೇ ನನ್ನ ಮಾದರಿಯ ದೋಷವಾಗಿತ್ತು. ಇದೇ ನೋಟುಗಳನ್ನು ಉದ್ದಕ್ಕೆ ಜೋಡಿಸಿದರೆ ಚಂದ್ರನ ದೂರದ ಮೂರು ಪಟ್ಟನ್ನೂ ಮೀರುತ್ತವೆ. ಆದರೆ ಚಂದ್ರನ ದೂರವೂ ನಮಗೆ ಬಜೆಟ್ಟಿನಷ್ಟೇ ಅಪರಿಚಿತವಾದ್ದರಿಂದ ಆ ಹೋಲಿಕೆಯನ್ನು ಕೈಬಿಟ್ಟೆ.

ಒಂದು ರೂಪಾಯಿಗೆ ಒಂದು ಕಾಳು ಎಂದು ನಿಗದಿ ಮಾಡಿ, ಮನೆಯಿಂದ ಒಣಗಿದ ಕರಿಮೆಣಸು ತರಲು ಹೇಳಿದೆ. ಕೊಯ್ಲಿನ ಕಾಲವಾದ್ದರಿಂದ ಅದಕ್ಕೇನೂ ಬರವಿರಲಿಲ್ಲ. ನಾಲ್ಕು ಗುಂಪುಗಳು ತಲಾ ಸಾವಿರ ಕಾಳು ಎಣಿಸಿ ತೂಗಿದವು. ತೋಟದಿಂದ ತೋಟಕ್ಕೆ ಕಾಳಿನ ಗಾತ್ರ ಬೇರೆಯಾಗುವುದರಿಂದ ತೂಕಗಳು ಒಂದೇ ಬರಲಿಲ್ಲ. ಸರಾಸರಿಯನ್ನು 50 ಗ್ರಾಂ ಎಂದು ಇಟ್ಟುಕೊಂಡೆವು. ಎಣಿಸಲು ಅರ್ಧ ಪಿರಿಯಡ್ ಹಿಡಿಯಿತು, ಇಬ್ಬರು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದರು. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಮುಖ್ಯವಾದದ್ದು ಆ ಬೇಸರವೇ, ಏಕೆಂದರೆ ಸಾವಿರ ಎಷ್ಟೆಂಬುದು ಬೆರಳಿಗೆ ಗೊತ್ತಾದ ಮೇಲಷ್ಟೇ ಮುಂದಿನ ಗುಣಾಕಾರಕ್ಕೆ ಅರ್ಥ ಬರುತ್ತದೆ.

ಲಕ್ಷಕ್ಕೆ ಐದು ಕಿಲೋ, ಕೋಟಿಗೆ 50 ಕಿಲೋದ ಹತ್ತು ಚೀಲ. ನೂರು ಕೋಟಿಗೆ ಹತ್ತು ಟನ್ನಿನ ಐದು ಲಾರಿ, ಲಕ್ಷ ಕೋಟಿಗೆ ಐದು ಸಾವಿರ ಲಾರಿ. ಬಜೆಟ್ಟಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲಾರಿ ಬೇಕು. ಒಂದೊಂದಕ್ಕೆ ಹತ್ತು ಮೀಟರ್ ಜಾಗ ಕೊಟ್ಟು ಮಡಿಕೇರಿಯಿಂದ ನಿಲ್ಲಿಸುತ್ತ ಹೋದರೆ ಸಾಲು ಕುಶಾಲನಗರ, ಮೈಸೂರು, ಮಂಡ್ಯಗಳನ್ನು ದಾಟುತ್ತದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ಅಲ್ಲಿಗೆ ನಿಲ್ಲಿಸುವುದು ನನಗೆ ಸರಿಯೆನಿಸಲಿಲ್ಲ. ಬರೀ ಬೆರಗು ಹುಟ್ಟಿಸುವ ಹೋಲಿಕೆ ಅರ್ಧ ಸುಳ್ಳು; ಹಣ ಎಷ್ಟು ಜನರದು ಎಂಬುದನ್ನೂ ಅದು ಹೇಳಬೇಕು. 2011ರ ಜನಗಣತಿಯ 6,10,95,297 ಜನರಿಗೆ ಹಂಚಿದಾಗ ತಲೆಗೆ ಸುಮಾರು 67,000 ರೂಪಾಯಿ, ಅಂದರೆ ಮೂರು ಕಿಲೋ ಮುನ್ನೂರೈವತ್ತು ಗ್ರಾಂ ಮೆಣಸು ಬಂತು. ಪ್ರಶ್ನೆ ಕೇಳಿದ ಹುಡುಗಿಯೇ ಅಷ್ಟನ್ನು ತೂಗಿ, ಚೀಲದ ಬಾಯಿ ಕಟ್ಟಿ, ಒಂದೇ ಕೈಯಲ್ಲಿ ಎತ್ತಿ ತೋರಿಸಿದಳು.